ಕುವೈತ್‌ಗೆ 20ನೇ ನಂಬರ್ ವೀಸಾ: ಹೋಗೋ ಮುಂಚೆ ಏನೇನು ನೋಡ್ಕೋಬೇಕು? ಅಲ್ಲಿನ ರಾಜಕೀಯ, ಜನಜೀವನ ಹೇಗಿದೆ?

ಪಾಂಡವಪುರದವನು:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಇಬ್ಬರು ಹುಡುಗರಿಗೆ ಕುವೈತ್‌ನಿಂದ ವೀಸಾ ಬಂದಿದೆ. ಒಬ್ಬ ಐಟಿಐ ಮುಗಿಸಿರೋ ಎಲೆಕ್ಟ್ರಿಷಿಯನ್. ಇನ್ನೊಬ್ಬ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ಕಾರು ಓಡಿಸ್ತಾನೆ. ಇಬ್ಬರ ಕಾಗದದಲ್ಲೂ 20 ಅಂತ ನಂಬರ್ ಇದೆ, ಕೆಲಸದ ಜಾಗದಲ್ಲಿ ಯಾರದೋ ಮನೆಯವರ ಹೆಸರಿದೆ. ಏಜೆಂಟ್ ಹೇಳೋದು: "ಕಾಗದದಲ್ಲಿ ಮನೆಕೆಲಸ ಅಂತ ಇರುತ್ತೆ ಅಷ್ಟೇ, ಅಲ್ಲಿಗೆ ಹೋದ ಮೇಲೆ ಕಂಪನಿ ಕೆಲಸ, ಮೂರು ತಿಂಗಳಲ್ಲಿ 18ಕ್ಕೆ ಬದಲಾಯಿಸ್ತೀವಿ." ತಲಾ ಒಂದೂವರೆ ಲಕ್ಷ ಕೇಳ್ತಿದ್ದಾರೆ. ಮನೆಯವರು ಕಬ್ಬಿನ ದುಡ್ಡು ಬಂದ ತಕ್ಷಣ ಕೊಡೋಕೆ ರೆಡಿ ಆಗಿದ್ದಾರೆ.

ಈ ನಂಬರಿನ ಅರ್ಥ ಏನು? ಅಲ್ಲಿ ಪಾರ್ಲಿಮೆಂಟ್ ಮುಚ್ಚಿದ್ದಾರೆ ಅಂತ ಓದಿದ್ದೆ, ಅದೇನು ಕಥೆ? ಹೊರಗಿಂದ ಹೋದವರ ಮೇಲೆ ಅದರ ಪರಿಣಾಮ ಇದೆಯಾ? ಬಿಸಿಲು, ರೂಮು, ಊಟ, ಮೊಬೈಲಲ್ಲಿ ಏನು ಹಾಕಬಹುದು ಏನು ಹಾಕಬಾರದು, ಇದನ್ನೂ ತಿಳಿದವರು ಬಿಡಿಸಿ ಹೇಳಿದರೆ ಉಪಕಾರ.

ಹಿನಕಲ್ ರಿಂಗ್ ರೋಡ್:

ದುಡ್ಡು ಕೊಡೋದನ್ನ ಮೊದಲು ನಿಲ್ಲಿಸಿ ಸಾರ್. ಉಳಿದದ್ದು ಆಮೇಲೆ.

ಆ ನಂಬರು ಕುವೈತ್‌ನ ವಿದೇಶಿಯರ ವಾಸದ ಕಾನೂನಿನ ಕಲಮು. 17 ಅಂದ್ರೆ ಸರ್ಕಾರಿ ಕೆಲಸ, 18 ಅಂದ್ರೆ ಖಾಸಗಿ ಕಂಪನಿ, 20 ಅಂದ್ರೆ ಮನೆಕೆಲಸ, 22 ಅಂದ್ರೆ ಕುಟುಂಬ. ಅಲ್ಲಿರೋ ನಮ್ಮವರ ಬಾಯಲ್ಲಿ 18 ಅಂದ್ರೆ ಶೂನ್ ವೀಸಾ, 20 ಅಂದ್ರೆ ಖಾದಿಂ ವೀಸಾ. ಮನೆ ಡ್ರೈವರ್, ಅಡುಗೆಯವರು, ಆಯಾ, ತೋಟ ನೋಡ್ಕೊಳ್ಳೋರು ಎಲ್ಲಾ 20ರಲ್ಲಿ ಬರ್ತಾರೆ. ಯಾವ ನಂಬರಲ್ಲಿ ಇಳೀತಾರೋ ಅದರ ಮೇಲೆ ಯಾವ ಕಾನೂನು, ಯಾವ ಕಚೇರಿ, ಎಷ್ಟು ಗಂಟೆ ಕೆಲಸ, ಹೊರಡುವಾಗ ಎಷ್ಟು ದುಡ್ಡು ಅನ್ನೋದೆಲ್ಲ ನಿಂತಿದೆ.

18ರವರಿಗೆ 2010ರ 6ನೇ ನಂಬರ್ ಕಾರ್ಮಿಕ ಕಾನೂನು ಅನ್ವಯಿಸುತ್ತೆ. ದಿನಕ್ಕೆ 8 ಗಂಟೆ, ವಾರಕ್ಕೆ 48. ಅದಕ್ಕಿಂತ ಹೆಚ್ಚು ದುಡಿದರೆ ಆ ಹೊತ್ತಿಗೆ ಕಾಲು ಭಾಗ ಜಾಸ್ತಿ ಸಂಬಳ, ವಾರದ ರಜೆಯ ದಿನ ದುಡಿದರೆ ಅರ್ಧ ಜಾಸ್ತಿ ಮತ್ತು ಬದಲಿ ರಜೆ. ವರ್ಷಕ್ಕೆ 30 ದಿನ ಸಂಬಳದ ರಜೆ. ಕೆಲಸ ಬಿಡುವಾಗ ಮೊದಲ 5 ವರ್ಷಕ್ಕೆ ವರ್ಷಕ್ಕೆ 15 ದಿನದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ. ಆದ್ರೆ ತಾನೇ ರಾಜೀನಾಮೆ ಕೊಟ್ಟರೆ 3 ವರ್ಷ ತುಂಬೋವರೆಗೆ ಇದರಲ್ಲಿ ಏನೂ ಬರಲ್ಲ, 3ರಿಂದ 5 ವರ್ಷಕ್ಕೆ ಅರ್ಧ, 5ರಿಂದ 10ಕ್ಕೆ ಮೂರರಲ್ಲಿ ಎರಡು ಭಾಗ, 10 ದಾಟಿದರೆ ಪೂರ್ತಿ.

20ರವರನ್ನ ಆ ಕಾನೂನಿಂದ ಹೊರಗಿಟ್ಟಿದ್ದಾರೆ. ಅವರಿಗೆ 2015ರ 68ನೇ ನಂಬರ್ ಮನೆಕೆಲಸದವರ ಕಾನೂನು. ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು, ನಡುವೆ ವಿರಾಮ ಕೊಡಬೇಕು. ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳದ ರಜೆ, ಒಪ್ಪಂದ ಮುಗಿದಾಗ ವರ್ಷಕ್ಕೊಂದು ತಿಂಗಳ ಸಂಬಳ. ಸಂಬಳ ತಡ ಮಾಡಿದರೆ ತಿಂಗಳಿಗೆ 10 ದಿನಾರ್ ಸೇರಿಸಿ ಕೊಡಬೇಕು. ಪಾಸ್‌ಪೋರ್ಟ್ ಮಾಲೀಕ ಇಟ್ಕೊಳ್ಳೋ ಹಾಗಿಲ್ಲ. ಕಾಗದದ ಮೇಲೆ ಇಷ್ಟೆಲ್ಲ ಇದೆ. ಆದ್ರೆ ಕೆಲಸದ ಜಾಗ ಒಬ್ಬರ ಮನೆ. ಬಾಗಿಲೊಳಗೆ ಏನು ನಡೀತಿದೆ ಅಂತ ಇನ್‌ಸ್ಪೆಕ್ಟರ್ ಸುಲಭಕ್ಕೆ ಹೋಗಿ ನೋಡೋಕಾಗಲ್ಲ, ತೊಡಕು ಇರೋದು ಅಲ್ಲೇ.

ಈಗ ಏಜೆಂಟ್ ಮಾತಿಗೆ ಬರೋಣ. 20ರಿಂದ 18ಕ್ಕೆ ಬದಲಾಗೋ ಬಾಗಿಲು ಮಾಮೂಲಾಗಿ ಮುಚ್ಚಿರುತ್ತೆ. 2024ರ ಜುಲೈ 14ರಿಂದ ಸೆಪ್ಟೆಂಬರ್ 12ರವರೆಗೆ ಎರಡು ತಿಂಗಳು ತೆಗೆದಿದ್ದರು. ಆಗಲೂ ಅದೇ ಮನೇಲಿ ಒಂದು ವರ್ಷ ಆಗಿರಬೇಕು, ಮಾಲೀಕ ಒಪ್ಪಬೇಕು, 50 ದಿನಾರ್ ಕಟ್ಟಬೇಕು ಅನ್ನೋ ಷರತ್ತು ಇತ್ತು. "ಮೂರು ತಿಂಗಳಲ್ಲಿ ಮಾಡಿಸ್ತೀವಿ" ಅನ್ನೋದು ಆಗಲೂ ನಡೀತಿರಲಿಲ್ಲ.

ಎಲೆಕ್ಟ್ರಿಷಿಯನ್ ಹುಡುಗ 20ರಲ್ಲಿ ಹೋಗಿ ಕಂಪನಿ ಸೈಟಲ್ಲಿ ಕೆಲಸ ಮಾಡ್ತಾ ಸಿಕ್ಕಿಬಿದ್ದರೆ ಬೆರಳಚ್ಚು ತಗೊಂಡು ವಾಪಸ್ ಕಳಿಸ್ತಾರೆ, ಮತ್ತೆ ಒಳಗೆ ಬಿಡಲ್ಲ. ಸೈಟಲ್ಲಿ ಕರೆಂಟ್ ಹೊಡೆದು ಕೈ ಹೋಯ್ತು ಅನ್ಕೊಳ್ಳಿ, ಕಂಪನಿ "ಇವನು ನಮ್ಮ ಕೆಲಸಗಾರನೇ ಅಲ್ಲ" ಅನ್ನುತ್ತೆ. ದಾಖಲೆಯೂ ಹಾಗೇ ಇರುತ್ತೆ. ಅತ್ತ ವೀಸಾ ಕೊಟ್ಟ ಮನೆಯವನು "ನನ್ನ ಮನೆಯಿಂದ ಓಡಿಹೋಗಿದ್ದಾನೆ" ಅಂತ ದೂರು ಬರೆಸಬಹುದು. ವೀಸಾ ಮಾರೋದೂ ಅಲ್ಲಿ ಅಪರಾಧ. 2025ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಅದಕ್ಕೆ 3ರಿಂದ 5 ವರ್ಷ ಜೈಲು, 5 ಸಾವಿರದಿಂದ 10 ಸಾವಿರ ದಿನಾರ್ ದಂಡ. ಆದ್ರೆ ಬೀದಿಲಿ ತಪಾಸಣೆ ಆದಾಗ ಮೊದಲು ಸಿಗೋದು ಕೊಂಡವನೇ.

ಭಾರತದ ಕಡೆಯ ಲೆಕ್ಕ. ಎಸ್ಸೆಸ್ಸೆಲ್ಸಿ ಪಾಸಾಗದ ಹುಡುಗನ ಪಾಸ್‌ಪೋರ್ಟಿನಲ್ಲಿ ಇಸಿಆರ್ (ವಲಸೆ ತಪಾಸಣೆ ಬೇಕು) ಅಂತ ಮುದ್ರೆ ಇರುತ್ತೆ. ಅಂಥವರು ಕುವೈತ್‌ಗೆ ಕೆಲಸಕ್ಕೆ ಹೋಗಬೇಕಾದರೆ ಇ-ಮೈಗ್ರೇಟ್ ಅನ್ನೋ ಭಾರತ ಸರ್ಕಾರದ ವ್ಯವಸ್ಥೆಯ ಮೂಲಕ ವಲಸೆ ಅನುಮತಿ ಆಗಲೇಬೇಕು. ಏಜೆಂಟ್ ಹೆಸರನ್ನ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ಹುಡುಕಿ. ನೋಂದಣಿ ಸಂಖ್ಯೆ ಇದೆಯಾ, ಚಾಲ್ತಿಯಲ್ಲಿದೆಯಾ, ಅಮಾನತಾಗಿದೆಯಾ ಎಲ್ಲಾ ಅಲ್ಲೇ ತೋರಿಸುತ್ತೆ. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ 30,000, ಜಿಎಸ್‌ಟಿ ಸೇರಿ 35,400. ಅದಕ್ಕೆ ರಸೀದಿ ಕೊಡಲೇಬೇಕು. ಒಂದೂವರೆ ಲಕ್ಷ ಕೇಳ್ತಿದ್ದಾನೆ ಅಂದ್ರೆ ಉತ್ತರ ಅದರಲ್ಲೇ ಇದೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಿ, 2 ವರ್ಷಕ್ಕೆ 275 ರೂಪಾಯಿ ಜೊತೆಗೆ ತೆರಿಗೆ, ಸತ್ತರೆ ಅಥವಾ ಶಾಶ್ವತ ಅಂಗವಿಕಲತೆ ಆದರೆ 10 ಲಕ್ಷ.

ಎಸ್ಸೆಸ್ಸೆಲ್ಸಿ ಆಗಿರೋ ಐಟಿಐ ಹುಡುಗನಿಗೆ ಈ ಅನುಮತಿ ಬೇಕಾಗಿಲ್ಲ. ಅದಕ್ಕೇ ಅವನ ಒಪ್ಪಂದವನ್ನ ಇಲ್ಲಿ ಯಾರೂ ತೆರೆದೂ ನೋಡಲ್ಲ. ಅವನ ವಿಷಯದಲ್ಲೇ ಹೆಚ್ಚು ಹುಷಾರಾಗಿರಿ. ಇನ್ನೊಂದು ಮಾತು: ಅನುಮತಿ ತಪ್ಪಿಸೋಕೆ "ವಿಸಿಟ್ ವೀಸಾದಲ್ಲಿ ಕಳಿಸ್ತೀವಿ" ಅಂದ್ರೆ ಅಲ್ಲಿಗೆ ಮಾತು ಮುಗಿಸಿ.

ಡ್ರೈವರ್ ಹುಡುಗ ನಿಜವಾಗಲೂ ಆ ಮನೆಗೇ ಡ್ರೈವರಾಗಿ ಹೋಗೋದಾದರೆ 20 ಸರಿಯಾದ ವೀಸಾನೇ. ಅವನಿಗೆ ಬೇಕಾದ್ದು ಒಪ್ಪಂದದ ಪ್ರತಿ: ಸಂಬಳ ದಿನಾರಲ್ಲಿ ಎಷ್ಟು, ಮಾಲೀಕನ ಹೆಸರು, ವಿಳಾಸ, ರಜೆ. ಮನೆಕೆಲಸದವರ ವಿಷಯದಲ್ಲಿ ಭಾರತ ಮತ್ತು ಕುವೈತ್ 2021ರ ಜೂನಲ್ಲಿ ಒಡಂಬಡಿಕೆ ಮಾಡ್ಕೊಂಡಿವೆ, ಆದ್ದರಿಂದ ಒಪ್ಪಂದದ ಕಾಗದ ಇಲ್ಲದೆ ಕಳಿಸೋಕೆ ಯಾವ ನೆಪವೂ ಇಲ್ಲ.

ಸರಸ್ವತಿಪುರಂ ಓದುಗ:

ರಾಜಕೀಯದ ಪ್ರಶ್ನೆಗೆ ಉತ್ತರಿಸುತ್ತೇನೆ.

ಕುವೈತ್ ಬ್ರಿಟಿಷರ ರಕ್ಷಣೆಯಿಂದ ಹೊರಬಂದದ್ದು 1961ರ ಜೂನ್ 19ರಂದು. ಅದೇ ವರ್ಷದ ಏಪ್ರಿಲ್‌ವರೆಗೂ ಅಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಕೊನೆಯ ಎರಡು ವರ್ಷ ಕೊಲ್ಲಿಗೆಂದೇ ನಮ್ಮ ರಿಸರ್ವ್ ಬ್ಯಾಂಕ್ ಹೊರಡಿಸಿದ ಬೇರೆ ನೋಟು ಇತ್ತು. ದಿನಾರ್ ಬಂದಾಗ ಒಂದು ದಿನಾರಿಗೆ ಹದಿಮೂರೂಕಾಲು ಚಿಲ್ಲರೆ ರೂಪಾಯಿಯ ಲೆಕ್ಕದಲ್ಲಿ ಹಳೆಯ ನೋಟು ಬದಲಾಯಿಸಿಕೊಟ್ಟರು. 2025ರಲ್ಲಿ ಅದೇ ದಿನಾರಿಗೆ 275ರಿಂದ 300 ರೂಪಾಯಿಯ ನಡುವೆ ಇತ್ತು.

1962ರಲ್ಲಿ ಸಂವಿಧಾನ, 1963ರಲ್ಲಿ ಮೊದಲ ಚುನಾಯಿತ ಮಜ್ಲಿಸ್, ಅಂದರೆ ಅಲ್ಲಿನ ಪಾರ್ಲಿಮೆಂಟ್. ದೇಶವನ್ನಾಳುವ ಅಮೀರ್ ಪದವಿ ಅಲ್ ಸಬಾಹ್ ಮನೆತನದಲ್ಲಿ, ಮುಬಾರಕ್ ಅಲ್ ಸಬಾಹ್ ವಂಶಸ್ಥರಿಗೆ ಮಾತ್ರ. ಪ್ರಧಾನಿಯನ್ನು ಅಮೀರರೇ ನೇಮಿಸುತ್ತಾರೆ. ಮಜ್ಲಿಸಿಗೆ 50 ಮಂದಿ ಚುನಾಯಿತರು: ಐದು ಕ್ಷೇತ್ರ, ಕ್ಷೇತ್ರಕ್ಕೆ ಹತ್ತು ಸ್ಥಾನ. ಮೊದಲು ಮತದಾರನಿಗೆ ನಾಲ್ಕು ಮತವಿತ್ತು, 2012ರಿಂದ ಒಂದೇ. ಪಕ್ಷಗಳಿಗೆ ಕಾನೂನಿನ ಮಾನ್ಯತೆ ಇಲ್ಲ, ಗುಂಪುಗಳಿವೆ. ಮಹಿಳೆಯರಿಗೆ ಮತದಾನದ ಹಕ್ಕು 2005ರಲ್ಲಿ ಬಂತು, 2009ರಲ್ಲಿ ನಾಲ್ವರು ಗೆದ್ದರು.

ಆ ಮಜ್ಲಿಸ್ ಬರೀ ತಲೆಯಾಡಿಸುವ ಸಭೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಬ್ಬನೇ ಸದಸ್ಯ ಬೇಕಾದರೂ ಮಂತ್ರಿಯನ್ನು ನಿಲ್ಲಿಸಿ ವಿಚಾರಿಸಬಹುದಿತ್ತು. ಅದಕ್ಕೆ ಇಸ್ತಿಜ್ವಾಬ್ ಎನ್ನುತ್ತಾರೆ. ಹತ್ತು ಮಂದಿ ಸಹಿ ಹಾಕಿದರೆ ಅವಿಶ್ವಾಸ, ಬಹುಮತ ಬಂದರೆ ಮಂತ್ರಿ ಮನೆಗೆ. ರಾಜಮನೆತನದ ಮಂತ್ರಿಗಳೂ ಇದಕ್ಕೆ ಹೆದರಿ ಮೊದಲೇ ರಾಜೀನಾಮೆ ಕೊಟ್ಟದ್ದುಂಟು. ಕೊಲ್ಲಿಯ ಬೇರೆ ಯಾವ ದೇಶದಲ್ಲೂ ಇಷ್ಟು ಹಲ್ಲಿರುವ ಸಭೆ ಇರಲಿಲ್ಲ. ಇನ್ನೊಂದು ಮಗ್ಗುಲು, ಸರ್ಕಾರಕ್ಕೂ ಸಭೆಗೂ ಮುಗಿಯದ ಜಗಳ, ಮತ್ತೆ ಮತ್ತೆ ವಿಸರ್ಜನೆ. 1976ರಲ್ಲಿ ಮತ್ತು 1986ರಲ್ಲಿ ಸಂವಿಧಾನ ಮೀರಿ ಸಭೆಯನ್ನು ಮುಚ್ಚಿದ್ದರು. ಎರಡನೆಯದು ತೆರೆದದ್ದು ಇರಾಕಿನ ಆಕ್ರಮಣ ಮುಗಿದ ಮೇಲೆ, 1992ರಲ್ಲಿ. ಈಗಿನದು ಮೂರನೆಯದು: 2024ರ ಏಪ್ರಿಲ್ 4ರಂದು ಚುನಾವಣೆ ನಡೆಯಿತು, ಹೊಸ ಸಭೆ ಒಂದು ದಿನವೂ ಸೇರುವ ಮೊದಲೇ ಮೇ 10ರಂದು ಅಮೀರ್ ಶೇಖ್ ಮಿಶಾಲ್ ಅದನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದ ಅವಧಿಗೆ ಅಮಾನತಿನಲ್ಲಿಟ್ಟರು. ಈಗ ಕಾನೂನುಗಳು ಬರುವುದು ಅಮೀರರ ಆಜ್ಞೆಯ ರೂಪದಲ್ಲಿ.

ಅಲ್ಲಿನ ರಾಜಕೀಯ ನಿಜವಾಗಿ ಉಸಿರಾಡುವುದು ದಿವಾನಿಯಾದಲ್ಲಿ. ಮನೆಗೆ ಅಂಟಿಕೊಂಡ, ಬೇರೆ ಬಾಗಿಲಿರುವ ಪಡಸಾಲೆ. ರಾತ್ರಿ ಗಂಡಸರು ಗೋಡೆಗುಂಟ ಕೂತು ಚಹಾ, ಕಾಫಿ ಕುಡಿಯುತ್ತಾ ಮಾತಾಡುತ್ತಾರೆ. ಚುನಾವಣೆಯ ಪ್ರಚಾರ ಅಲ್ಲಿ, ಮದುವೆ ಮಾತುಕತೆ ಅಲ್ಲಿ, ಶಿಫಾರಸು ಅಲ್ಲಿ. ಸಭೆ ಮುಚ್ಚಿದ್ದ ಕಾಲದಲ್ಲಿ, 1989ರ ಕೊನೆಗೆ, ಅದನ್ನು ಮತ್ತೆ ತೆರೆಯಿರಿ ಎಂಬ ಚಳವಳಿ ಹುಟ್ಟಿದ್ದು ಸೋಮವಾರದ ದಿವಾನಿಯಾಗಳಲ್ಲೇ. ನಮ್ಮ ಊರ ಅರಳಿಕಟ್ಟೆಗೆ ಹೋಲಿಸಬಹುದು, ಆದರೆ ಕಟ್ಟೆ ಊರಿನದು, ದಿವಾನಿಯಾ ಒಂದು ಮನೆತನದ್ದು.

ಮಂಡ್ಯದವರಿಗೆ ತಟ್ಟನೆ ಅರ್ಥವಾಗುವುದು ಜಮೀಯಾ. ಪ್ರತಿ ಬಡಾವಣೆಗೂ ಒಂದು ಸಹಕಾರಿ ಅಂಗಡಿ. ಆ ಬಡಾವಣೆಯ ಕುವೈತಿಗಳೇ ಷೇರುದಾರರು, ಅವರೇ ಒಂಬತ್ತು ಮಂದಿಯ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಬಿಲ್ ಮಾಡುವಾಗ ತಮ್ಮ ಷೇರಿನ ನಂಬರು ಹೇಳುತ್ತಾರೆ, ವರ್ಷದ ಖರೀದಿಗೆ ತಕ್ಕಂತೆ ಲಾಭಾಂಶ ಬರುತ್ತದೆ. ಹಾಲಿನ ಡೇರಿ ಸೊಸೈಟಿಯ ಚುನಾವಣೆ ನೋಡಿದವರಿಗೆ ಅಲ್ಲಿನ ಬಿಸಿ ಹೊಸದಲ್ಲ, ಮುಂದೆ ಮಜ್ಲಿಸಿಗೆ ನಿಲ್ಲುವವರು ಪಟ್ಟು ಕಲಿಯುವುದೂ ಅಲ್ಲಿಯೇ. ಹೊರಗಿನವರು ಅಲ್ಲಿ ಸಾಮಾನು ಕೊಳ್ಳಬಹುದು, ಸದಸ್ಯರಾಗುವಂತಿಲ್ಲ.

ಪಾಂಡವಪುರದವನು:

ತುಂಬಾ ಉಪಕಾರ ಸಾರ್. ಒಂದು ಸಂದೇಹ. ಮತ ಹಾಕೋರು ಅವರೇ, ಸದಸ್ಯರೂ ಅವರೇ. ಹಾಗಿದ್ರೆ ಹೊರಗಿಂದ ಹೋದ ಕೂಲಿಯವರಿಗೆ ಆ ಸಭೆ ಇದ್ರೇನು, ಇಲ್ದಿದ್ರೇನು?

ಸರಸ್ವತಿಪುರಂ ಓದುಗ:

ವ್ಯತ್ಯಾಸ ಇದೆ, ಎರಡೂ ದಿಕ್ಕಿನಲ್ಲಿ. ಮೇಲೆ ಹಿನಕಲ್ ಅವರು ಹೇಳಿದ 2015ರ ಮನೆಕೆಲಸದವರ ಕಾನೂನನ್ನು ಅಂಗೀಕರಿಸಿದ್ದು ಆ ಸಭೆಯೇ. ಅದೇ ಸಭೆಯ ಸಮಿತಿ 2020ರಲ್ಲಿ, ಭಾರತೀಯರ ಸಂಖ್ಯೆ ಶೇಕಡಾ 15 ಮೀರಬಾರದು ಎಂಬ ಕರಡಿಗೆ ಒಪ್ಪಿಗೆ ಕೊಟ್ಟಿತ್ತು. ಅದು ಕಾನೂನಾಗಿ ಜಾರಿಗೆ ಬರಲಿಲ್ಲ. ಸುಮಾರು 50 ಲಕ್ಷ ಜನರಲ್ಲಿ ಮೂರನೇ ಎರಡು ಭಾಗ ಹೊರಗಿನವರು, ಅದರಲ್ಲಿ ಹತ್ತು ಲಕ್ಷದ ಹತ್ತಿರ ಭಾರತೀಯರು. ತಮ್ಮ ನೆಲದಲ್ಲಿ ತಾವೇ ಅಲ್ಪಸಂಖ್ಯಾತರು ಎಂಬ ಅಳುಕು ಅಲ್ಲಿನ ಪ್ರತಿಯೊಂದು ಕಾನೂನಿನ ಹಿಂದೆಯೂ ಇದೆ. ವೀಸಾ ನಂಬರುಗಳ ಬಿಗಿ ಹುಟ್ಟುವುದು ಆ ಅಳುಕಿನಿಂದಲೇ.

ಆಗ ಕರಡು ತಿಂಗಳುಗಟ್ಟಲೆ ಚರ್ಚೆಯಾಗುತ್ತಿತ್ತು, ಪತ್ರಿಕೆಯಲ್ಲಿ ಓದಿ ಜನ ಸಿದ್ಧರಾಗುತ್ತಿದ್ದರು. ಈಗ ಆಜ್ಞೆ ಗೆಜೆಟ್ಟಿನಲ್ಲಿ ಬಂದರೆ ಸಾಕು. ಹೊಸ ವಾಸದ ಕಾನೂನು, ಹೊಸ ಸಂಚಾರ ಕಾನೂನು ಎರಡೂ ಹಾಗೆ ಬಂದವು. ಸ್ವಂತ ನಾಗರಿಕರಿಗೂ ಬಿಗಿ ತಪ್ಪಿಲ್ಲ: 2024ರಿಂದೀಚೆಗೆ ಹತ್ತಾರು ಸಾವಿರ ಜನರ ಪೌರತ್ವ ರದ್ದಾಗಿದೆ. ಅದಕ್ಕೂ ಹಿಂದಿನಿಂದ ಬಿದೂನ್ ಎಂಬ, ಯಾವ ದೇಶದ ಪೌರತ್ವವೂ ಇಲ್ಲದ ಸುಮಾರು ಒಂದು ಲಕ್ಷ ಜನ ಅಲ್ಲೇ ಹುಟ್ಟಿ ಅಲ್ಲೇ ಬದುಕುತ್ತಿದ್ದಾರೆ. ಹುಡುಗರು ಅಲ್ಲಿ ಹೋಗಿ "ಎಲ್ಲ ಅರಬರೂ ಶ್ರೀಮಂತರು" ಎಂದುಕೊಳ್ಳದಿರಲಿ. ಇದು ಮುಖ್ಯ ಎಂದು ಹೇಳುತ್ತಿದ್ದೇನೆ.

ಕುಂಬಾರಕೊಪ್ಪಲು:

ದಿನನಿತ್ಯದ ವಿಷಯ ನಾನು ಬರೀತೀನಿ.

ಮೊದಲು ರೂಮು. 2024ರ ಜೂನ್ 12ರ ಬೆಳಗಿನ ಜಾವ ಮಂಗಾಫ್‌ನಲ್ಲಿ ಕೆಲಸಗಾರರಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 50ರ ಹತ್ತಿರ ಜನ ಸತ್ತರು, ಅದರಲ್ಲಿ ಕನಿಷ್ಠ 45 ಜನ ನಮ್ಮ ದೇಶದವರು. ಬೆಂಕಿ ಶುರುವಾಗಿದ್ದು ನೆಲಮಹಡಿಯ ಕಾವಲುಗಾರನ ಕೋಣೆಯ ವಿದ್ಯುತ್ ದೋಷದಿಂದ. ಹೆಚ್ಚಿನವರು ಸತ್ತದ್ದು ಹೊಗೆಯಿಂದ. ಕೋಣೆಗಳ ನಡುವೆ ಹಾಕಿದ್ದ ಪಾರ್ಟಿಷನ್ ಬೇಗ ಉರಿಯೋ ಸಾಮಾನಿನದು, ಹೊಗೆ ಮೆಟ್ಟಿಲಲ್ಲಿ ತುಂಬಿತ್ತು, ತಾರಸಿಯ ಬಾಗಿಲಿಗೆ ಬೀಗ ಇತ್ತು. ಹಾಗಾಗಿ ಬೆಡ್ ಸ್ಪೇಸ್ (ಹಂಚಿಕೊಂಡ ರೂಮಲ್ಲಿ ಒಂದು ಹಾಸಿಗೆಯ ಜಾಗ) ನೋಡುವಾಗ ಬಾಡಿಗೆಗಿಂತ ಮುಂಚೆ ಇವನ್ನ ನೋಡಲಿ: ಪಾರ್ಟಿಷನ್ ಮರದ್ದೋ ಪ್ಲಾಸ್ಟಿಕ್ಕಿನದೋ, ಕಿಟಕಿ ತೆಗೆಯುತ್ತಾ, ತಾರಸಿ ಬಾಗಿಲು ತೆರೆದಿರುತ್ತಾ, ಮೆಟ್ಟಿಲ ಕೆಳಗೆ ಗ್ಯಾಸ್ ಸಿಲಿಂಡರ್ ಇಟ್ಟಿದ್ದಾರಾ, ಒಂದೇ ಪ್ಲಗ್ಗಿಗೆ ಎಷ್ಟು ಎಕ್ಸ್‌ಟೆನ್ಷನ್ ಬೋರ್ಡು ಸಿಕ್ಕಿಸಿದ್ದಾರೆ. ಕುವೈತಿ ಕುಟುಂಬಗಳ ಬಡಾವಣೇಲಿ ಬ್ಯಾಚುಲರ್‌ಗಳಿಗೆ ಬಾಡಿಗೆಗೆ ಕೊಡೋದು ಕಾನೂನಿಗೆ ವಿರುದ್ಧ. ನಮ್ಮವರು ಹೆಚ್ಚಾಗಿ ಇರೋದು ಅಬ್ಬಾಸಿಯಾ, ಸಾಲ್ಮಿಯಾ, ಫಹಾಹೀಲ್, ಮಂಗಾಫ್, ಮಹಬೂಲಾ ಕಡೆ.

ಬಿಸಿಲು. 2016ರ ಜುಲೈ 21ರಂದು ಮಿತ್ರಿಬಾ ಅನ್ನೋ ಕಡೆ 53.9 ಡಿಗ್ರಿ ದಾಖಲಾಗಿದೆ. ಮಂಡ್ಯದ ಏಪ್ರಿಲ್ ಬಿಸಿಲಿಗೆ ಇದನ್ನ ಹೋಲಿಸೋಕೇ ಬರಲ್ಲ. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಬಯಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ. ಹೊಸಬರು ಬೇಸಿಗೇಲಿ ಇಳಿದರೆ ಮೊದಲ ದಿನವೇ ಪೂರ್ತಿ ಹೊತ್ತು ಬಿಸಿಲಲ್ಲಿ ನಿಲ್ಲಬಾರದು. ಮೊದಲ ದಿನ ಐದರಲ್ಲಿ ಒಂದು ಭಾಗ ಹೊತ್ತು, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸಬೇಕು. ಮೈ ಹೊಂದಿಕೊಳ್ಳೋಕೆ ಒಂದೆರಡು ವಾರ ಬೇಕು. ಬಾಯಾರಿಕೆ ಆಗೋವರೆಗೂ ಕಾಯದೆ ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು ಕುಡೀಬೇಕು, ಬರೀ ನೀರೇ ಆಗಬಾರದು, ಉಪ್ಪಿನಂಶವೂ ಹೋಗಬೇಕು. ಬೆವರು ನಿಂತರೆ ಇಲ್ಲಾ ಮಾತು ತೊದಲಿದರೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಆಂಬುಲೆನ್ಸ್ ಕರೀಬೇಕು. ಚಳಿಗಾಲಕ್ಕೆ ಸ್ವೆಟರ್ ಮರೀಬೇಡಿ, ಡಿಸೆಂಬರ್ ಜನವರಿ ರಾತ್ರಿ ಚೆನ್ನಾಗೇ ಕೊರೆಯುತ್ತೆ.

ಕೆಆರ್‌ಎಸ್ ನೀರು ಕುಡಿದು ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು: ಆ ದೇಶದಲ್ಲಿ ನದಿಯೇ ಇಲ್ಲ. ಹಿಂದೆ ಇರಾಕ್ ಕಡೆಯ ಶತ್ ಅಲ್ ಅರಬ್ ನದಿಯಿಂದ ಹಾಯಿದೋಣೀಲಿ ಸಿಹಿನೀರು ತರ್ತಿದ್ದರು. ಈಗ ಸಮುದ್ರದ ನೀರಿನ ಉಪ್ಪು ತೆಗೆದು ಕೊಡ್ತಾರೆ, ಅದೇ ಸ್ಥಾವರಗಳಲ್ಲೇ ಕರೆಂಟೂ ಆಗುತ್ತೆ. ಕುವೈತಿಗಳ ಮನೆಗೆ ಯೂನಿಟ್ಟಿಗೆ 2 ಫಿಲ್ಸ್, ಅರವತ್ತರ ದಶಕದಿಂದ ಏರಿಲ್ಲ. 1000 ಫಿಲ್ಸ್ ಸೇರಿದರೆ ಒಂದು ದಿನಾರ್. ಇಷ್ಟು ಅಗ್ಗ ಆದ್ದರಿಂದ ಬಳಕೆ ವಿಪರೀತ, 2024ರ ಬೇಸಿಗೇಲಿ ಪಾಳಿ ಪ್ರಕಾರ ಕರೆಂಟ್ ತೆಗೆಯೋ ಪರಿಸ್ಥಿತಿ ಬಂತು.

ಊಟಕ್ಕೆ ತೊಂದರೆ ಇಲ್ಲ. ಖುಬ್ಬೂಸ್ ಅನ್ನೋ ಅಲ್ಲಿನ ರೊಟ್ಟಿಯ ಪೊಟ್ಟಣ 50 ಫಿಲ್ಸ್, ಸರ್ಕಾರದ ಸಬ್ಸಿಡಿ ಇದೆ. ಅಕ್ಕಿ, ಬೇಳೆ, ರಾಗಿಹಿಟ್ಟು ಭಾರತೀಯ ಅಂಗಡೀಲಿ ಸಿಗುತ್ತೆ. ಊರಿಂದ ಒಯ್ಯೋ ಗಂಟಲ್ಲಿ ಗಸಗಸೆ ಮಾತ್ರ ಬೇಡ, ಕೊಲ್ಲಿ ದೇಶಗಳಲ್ಲಿ ಅದನ್ನ ಮಾದಕವಸ್ತು ಲೆಕ್ಕದಲ್ಲಿ ಹಿಡೀತಾರೆ. ಮನೇಲಿ ಮಾಡಿಸಿದ ಮಸಾಲೆಪುಡಿಯಲ್ಲೂ ಇರಬಹುದು, ಕೇಳಿ ನೋಡಿ. ಮಾತ್ರೆ ಇದ್ದರೆ ಡಾಕ್ಟರ ಚೀಟಿ ಜೊತೆಗಿರಲಿ, ಟ್ರಮಡಾಲ್, ಕೋಡೀನ್ ಇರೋ ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪು ಒಯ್ಯೋದೇ ಬೇಡ. ಹೆಂಡ ಪೂರ್ತಿ ನಿಷೇಧ. ಕದ್ದು ಕಾಯಿಸಿದ್ದನ್ನ ಕುಡಿದು 2025ರ ಆಗಸ್ಟಲ್ಲಿ 20ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮೆಥನಾಲ್ ಇತ್ತು.

ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಹೊರಗಡೆ ತಿನ್ನೋದು, ನೀರು ಕುಡಿಯೋದು, ಸಿಗರೇಟು ಸೇದೋದು ಯಾವ ಧರ್ಮದವರಿಗೂ ಆಗಲ್ಲ. 1968ರ ಕಾನೂನು, 100 ದಿನಾರ್ ತನಕ ದಂಡ, ಒಂದು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಗಾಡಿ ಒಳಗೆ ಕೂತು ಕುಡಿದರೂ ಹೊರಗಡೆ ಅಂತಲೇ ಲೆಕ್ಕ ಹಿಡಿಯೋದು ಒಳ್ಳೇದು. ಆ ತಿಂಗಳು 18ರವರಿಗೆ ವಾರಕ್ಕೆ 36 ಗಂಟೆ ಮಾತ್ರ ಕೆಲಸ. ವಾರದ ರಜೆ ಗುರುವಾರ ಶುಕ್ರವಾರ.

ಡ್ರೈವರ್ ಹುಡುಗನಿಗೆ: ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಸ್ಟೀರಿಂಗ್ ಎಡಕ್ಕಿರುತ್ತೆ. 2025ರ ಏಪ್ರಿಲ್ 22ರಿಂದ ದಂಡ ಏರಿದೆ. ಓಡಿಸ್ತಾ ಮೊಬೈಲ್ ಹಿಡಿದರೆ 75 ದಿನಾರ್, ಸೀಟ್ ಬೆಲ್ಟ್ ಇಲ್ಲದಿದ್ರೆ 30, ಕೆಂಪು ದೀಪ ದಾಟಿದರೆ 150. ರೂಪಾಯೀಲಿ ಗುಣಿಸಿ ನೋಡಿ, ತಿಂಗಳ ಸಂಬಳವೇ ಹೋಗಬಹುದು. ದಂಡ ಯಾರು ಕಟ್ಟಬೇಕು ಅನ್ನೋದನ್ನ ಒಪ್ಪಂದ ಮಾಡುವಾಗಲೇ ಕೇಳಿಬಿಡಲಿ.

ಗಾಮನಹಳ್ಳಿ ಗೆಳೆಯ:

ಕುಂಬಾರಕೊಪ್ಪಲು ಅಣ್ಣ, ಒಂದು ತಿದ್ದುಪಡಿ. ಗುರುವಾರ ಶುಕ್ರವಾರ ರಜೆ ಅನ್ನೋದು ಹಳೇದು. 2007ರಿಂದ ಶುಕ್ರವಾರ ಶನಿವಾರ. ಮತ್ತೆ ಮಧ್ಯಾಹ್ನದ ಕೆಲಸ ನಿಷೇಧ ಖಾಸಗಿ ಸೈಟುಗಳಿಗೆ. ಮಾಲೀಕ ಮನೆ ಡ್ರೈವರನ್ನ ಎರಡು ಗಂಟೆಗೆ ಕಾರು ತೊಳಿ ಅಂದ್ರೆ ಆ ಆದೇಶ ತೋರಿಸೋಕಾಗಲ್ಲ.

ಮೊಬೈಲ್ ವಿಷಯ ಯಾರೂ ಮುಟ್ಟಿಲ್ಲ. ಅಮೀರರ ಬಗ್ಗೆ, ಧರ್ಮದ ಬಗ್ಗೆ, ನೆರೆಯ ಅರಬ್ ದೇಶಗಳ ಬಗ್ಗೆ ಹಗುರವಾಗಿ ಬರೆದರೆ ಕೇಸಾಗುತ್ತೆ. 1970ರ ರಾಜ್ಯ ಭದ್ರತೆ ಕಾನೂನು, 2015ರ ಸೈಬರ್ ಕಾನೂನು ಎರಡೂ ಇವೆ. ಫಾರ್ವರ್ಡ್ ಮಾಡಿದ್ದೂ ಬರೆದಂಗೇ ಲೆಕ್ಕ ಅಂದ್ಕೊಂಡಿರಲಿ. ಅಪಘಾತ, ಪೊಲೀಸ್, ಮಿಲಿಟರಿ ಇವುಗಳ ವಿಡಿಯೊ ಬೇಡ. ಊರಿನ ರಾಜಕೀಯ, ಜಾತಿ ಧರ್ಮದ ಜಗಳದ ಪೋಸ್ಟು ಇಲ್ಲೇ ಬಿಟ್ಟು ಹೋಗಲಿ. ಮೆರವಣಿಗೆ, ಪ್ರತಿಭಟನೆಗೆ ಹೊರಗಿನವರು ಸೇರೋ ಹಾಗೇ ಇಲ್ಲ, ಅದು 1979ರ ಕಾನೂನು. 2022ರ ಜೂನಲ್ಲಿ ಫಹಾಹೀಲ್‌ನಲ್ಲಿ ಶುಕ್ರವಾರದ ನಮಾಜು ಮುಗಿಸಿ ಪ್ರತಿಭಟನೆ ಮಾಡಿದ ವಿದೇಶಿಯರನ್ನ ಹಿಡಿದು ಗಡೀಪಾರಿಗೆ ಆದೇಶ ಮಾಡಿದರು. ಅವರು ನಿಂತಿದ್ದು ಪ್ರವಾದಿಯ ಪರವಾಗಿ, ಆದ್ರೂ ಬಿಡಲಿಲ್ಲ.

ಇಳಿದ ಮೇಲೆ ಮಾಡಬೇಕಾದ್ದು: ಮೆಡಿಕಲ್, ಬೆರಳಚ್ಚು, ಅಕಾಮಾ (ವಾಸದ ಪರವಾನಗಿ), ಆಮೇಲೆ ಬತಾಕಾ. ಬತಾಕಾ ಅಂದ್ರೆ ಸಿವಿಲ್ ಐಡಿ, 12 ಅಂಕಿ. ಮೊದಲ ಅಂಕಿ ಹುಟ್ಟಿದ ಶತಮಾನ, 2000ಕ್ಕಿಂತ ಮುಂಚೆ ಹುಟ್ಟಿದ್ರೆ 2, ಆಮೇಲಾದ್ರೆ 3. ನಂತರದ ಆರು ಅಂಕಿ ಹುಟ್ಟಿದ ವರ್ಷ, ತಿಂಗಳು, ದಿನ. ಪಾಸ್‌ಪೋರ್ಟಿಗೆ ತಾಳೆ ಆಗದಿದ್ರೆ ಆವತ್ತೇ ತಿದ್ದಿಸಬೇಕು, ಇಲ್ಲಾಂದ್ರೆ ಬ್ಯಾಂಕಿಂದ ಹಿಡಿದು ಆಸ್ಪತ್ರೆವರೆಗೆ ಎಲ್ಲಾ ಕಡೆ ತಗಲಾಕ್ಕೊಳ್ಳುತ್ತೆ. ಸಾಹೆಲ್ ಅನ್ನೋ ಸರ್ಕಾರಿ ಆ್ಯಪ್ ಹಾಕ್ಕೊಂಡು ಅಕಾಮಾ ಮುಗಿಯೋ ದಿನ ತಾನೇ ನೋಡ್ಕೋಬೇಕು, ಕಂಪನಿಯ ಮಂದೂಬ್ (ಸರ್ಕಾರಿ ಕಚೇರಿ ಕೆಲಸಕ್ಕೆ ಓಡಾಡೋನು) ನೋಡ್ಕೊಳ್ತಾನೆ ಅಂತ ಕೂರಬಾರದು.

18ರವರು 2025ರ ಜುಲೈ 1ರಿಂದ ದೇಶ ಬಿಟ್ಟು ಹೊರಡೋಕೆ ಕಂಪನಿಯ ಒಪ್ಪಿಗೆ ಇರೋ ನಿರ್ಗಮನ ಪರವಾನಗಿ ತಗೋಬೇಕು, ಅರ್ಜಿ ಆನ್‌ಲೈನಲ್ಲೇ. ಊರಲ್ಲಿ ಸಾವು ನೋವು ಆಗಿ ತುರ್ತಾಗಿ ಹೊರಡುವಾಗ ಟಿಕೆಟ್ ತಗೊಳ್ಳೋ ಮುಂಚೆ ಇದು ನೆನಪಿರಲಿ. 20ರವರು ರಜೆಗೆ ಬಂದು ನಾಲ್ಕು ತಿಂಗಳು ದಾಟಿ ಊರಲ್ಲಿ ಕೂತರೆ ಅಕಾಮಾ ರದ್ದಾಗುತ್ತೆ, ಉಳಿದವರಿಗೆ ಆರು ತಿಂಗಳು.

ಪಾಂಡವಪುರದಲ್ಲಿ ಮನೆಯವರ ಹತ್ತಿರ ಇರಬೇಕಾದ ಕಾಗದ: ಪಾಸ್‌ಪೋರ್ಟ್ ನಕಲು, ವೀಸಾ ನಕಲು, ಒಪ್ಪಂದ, ವಿಮೆ ಪಾಲಿಸಿ, ಏಜೆಂಟಿನ ನೋಂದಣಿ ಸಂಖ್ಯೆ ಇರೋ ರಸೀದಿ. ಆಮೇಲೆ ಬತಾಕಾದ ಎರಡೂ ಕಡೆಯ ಫೋಟೊ. ಸಂಬಳ ಬರದೆ ಹೋದರೆ, ಹುಡುಗ ಫೋನಿಗೆ ಸಿಗದೆ ಹೋದರೆ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಲ್ಲಿ ಮನೆಯವರೇ ಇಲ್ಲಿಂದ ದೂರು ಹಾಕಬಹುದು, ಪಾಸ್‌ಪೋರ್ಟ್ ನಂಬರು, ಮಾಲೀಕನ ಹೆಸರು ಇಲ್ಲದಿದ್ರೆ ಆ ದೂರು ಮುಂದಕ್ಕೆ ಹೋಗಲ್ಲ.

ಪಾಂಡವಪುರದವನು:

ಇ-ಮೈಗ್ರೇಟಲ್ಲಿ ಹುಡುಕಿದ್ವಿ. ಏಜೆಂಟ್ ಹೇಳಿದ ಹೆಸರಲ್ಲಿ ನೋಂದಣಿ ಇಲ್ಲ. ದುಡ್ಡು ಕೊಟ್ಟಿಲ್ಲ. ಡ್ರೈವರ್ ಹುಡುಗನ ವೀಸಾದಲ್ಲಿರೋ ಮನೆಯವರು ನಿಜವಾಗಲೂ ಇದ್ದಾರಾ ಅಂತ ರಾಯಭಾರ ಕಚೇರಿಗೆ ಮೇಲ್ ಹಾಕಿದ್ದೀವಿ, ಒಪ್ಪಂದದ ಪ್ರತಿಯನ್ನೂ ಕೇಳಿದ್ದೀವಿ. ಎಲೆಕ್ಟ್ರಿಷಿಯನ್ ಹುಡುಗನ ಮನೇಲಿ 18 ಅಂತ ನಂಬರ್ ಬಂದ್ರೆ ಮಾತ್ರ ಮಾತಾಡೋಣ ಅಂತ ಒಪ್ಪಿದ್ದಾರೆ.